ಎಂಜಿನ್ನಿನ ಟೋಪಿ

ಆಷಾಢದ ಒಂದು ಬೆಳಿಗ್ಗೆ ಬಾನೆಟ್ ಎತ್ತಿದರೆ ಒಳಗೆ ಇಲಿಯ ಬಾಣಂತಿ ಕೋಣೆ.

ಎರಡು ದಿನದಿಂದ ಕಾರಿನ ಹತ್ತಿರ ಹೋದರೆ ಡೀಸೆಲ್ ವಾಸನೆ ಬರ್ತಿತ್ತು. ನಮ್ಮ ಕಾರು ನಿಲ್ಲುವುದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ. ಅಲ್ಲೇ ಪಂಪ್‌ಸೆಟ್ಟೂ ಇದೆ, ಹಳೇ ಕ್ಯಾನುಗಳೂ ಇವೆ. ಮಳೆಗಾಲದಲ್ಲಿ ಮೂಗು ಬೇರೆ ಕಟ್ಟಿರುತ್ತದೆ. ಅದರದ್ದೇ ಇರಬೇಕು ಅಂತ ಬಿಟ್ಟಿದ್ದೆ. ಮೂರನೇ ದಿನ ಸೊಸೈಟಿಗೆ ಹೊರಡೋಣ ಅಂತ ಕೀ ತಿರುಗಿಸಿದರೆ ಎಂಜಿನ್ ಮೂರು ಸಲ ಕೆಮ್ಮಿ ನಾಲ್ಕನೇ ಸಲಕ್ಕೆ ಎದ್ದಿತು. ಆಗ ಬಾನೆಟ್ ಎತ್ತಿದೆ. ಮೇಲಿಂದ ಏನೂ ಕಾಣಲಿಲ್ಲ. ಕಾಣುವುದಾದರೂ ಹೇಗೆ, ಮೇಲೆ ಅಷ್ಟಗಲ ಕಪ್ಪು ಪ್ಲಾಸ್ಟಿಕ್ ಕವರ್ ಮಲಗಿದೆ. ಅದರ ಮೂಲೆ ಹಿಡಿದು ಎಳೆದೆ, ಚಪ್ ಅಂತ ಬಿಟ್ಟುಕೊಂಡಿತು.

ಕವರಿನ ಅಡಿಗೆ ಎರಡು ಬೆರಳು ದಪ್ಪದ ಸ್ಪಂಜು ಅಂಟಿಸಿರುತ್ತಾರೆ. ಅದನ್ನು ಇಲಿ ಹತ್ತಿ ಹಿಂಜಿದ ಹಾಗೆ ಹಿಂಜಿತ್ತು. ಅದರ ಜೊತೆ ಅಡಿಕೆ ಸಿಪ್ಪೆಯ ನಾರು, ಒಂದಿಷ್ಟು ದರಗು, ನಮ್ಮ ಸೊಸೈಟಿಯದ್ದೇ ಗೊಬ್ಬರದ ರಸೀದಿಯ ಚೂರು. ಎಲ್ಲ ಸೇರಿಸಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಎರಡನೇ ಮತ್ತು ಮೂರನೇ ಇಂಜೆಕ್ಟರಿನ ನಡುವೆ, ಅಂಗೈಯಷ್ಟಗಲದ ಗುಂಡು ಗೂಡು. ಮರಿಗಳಿರಲಿಲ್ಲ, ಸಂಸಾರ ಸಾಗಿಸಿ ಆಗಿತ್ತು. ಹೋಗುವ ಮುಂಚೆ ಬಾಡಿಗೆ ಬಾಕಿ ತೀರಿಸಿದ ಹಾಗೆ, ಇಂಜೆಕ್ಟರುಗಳ ತಲೆಯ ಮೇಲೆ ಹಾದುಹೋಗುವ, ಮಿಕ್ಕ ಡೀಸೆಲ್ ವಾಪಸು ಒಯ್ಯುವ ಸಣ್ಣ ರಿಟರ್ನ್ ಪೈಪನ್ನು ಕಡಿದು ಹೋಗಿತ್ತು. ಅಲ್ಲಿಂದ ಡೀಸೆಲ್ ತೊಟ್ಟಿಕ್ಕಿ ಸ್ಪಂಜೆಲ್ಲ ಎಣ್ಣೆ ಕುಡಿದ ಬಜ್ಜಿಯ ಹಾಗೆ ಊದಿಕೊಂಡಿದೆ. ಅದರ ಕೆಳಗೆ ಕೈ ಸುಡುವಷ್ಟು ಬಿಸಿಯಾಗುವ ಎಂಜಿನ್. ಈ ಸ್ಥಿತಿಯಲ್ಲಿ ನಾನು ಎರಡು ದಿನ ಗಾಡಿ ಓಡಿಸಿದ್ದೆ.

ನಮ್ಮ ಮೆಕ್ಯಾನಿಕ್ ಕೊಪ್ಪದಿಂದ ಬೈಕಿನಲ್ಲಿ ಬಂದರು. ರಿಟರ್ನ್ ಪೈಪು ಹಾಕಿದ್ದು ಕಾಲು ಗಂಟೆಯ ಕೆಲಸ. ಆಮೇಲೆ ಕವರನ್ನು ಅಂಗಾತ ಮಾಡಿ ಮೂಸಿ ನೋಡಿ ಜಗಲಿ ಮೇಲೆ ಇಟ್ಟರು.

"ಎಂತ ಮಾರಾಯ್ರೆ, ಇದು ಇಲಿಗೆ ನೀವೇ ಕಟ್ಟಿಸಿಕೊಟ್ಟ ಮನೆ. ಇದು ಬರೀ ಟೋಪಿ. ತೆಗ್ದು ಇಡಿ, ಗಾಡಿ ಓಡ್ತದೆ."

"ಏನೂ ಆಗಲ್ವಾ?"

"ಟೋಪಿ ತೆಗೆದ್ರೆ ನಿಮ್ಗೆ ನಡೆಯಕ್ಕೆ ಆಗಲ್ವಾ?"

ಇನ್ನೊಂದು ಕಾರಣವನ್ನೂ ತೋರಿಸಿದರು. ಕವರಿನ ಅಡಿಗೆ ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಬುಷ್ ಇರಬೇಕು. ಎಂಜಿನ್ ಮೇಲಿನ ಗುಂಡುತಲೆಯ ಮೊಳೆಗಳಿಗೆ ಅವು ಕಚ್ಚಿಕೊಂಡು ಕೂರಬೇಕು. ನನ್ನದರಲ್ಲಿ ಇದ್ದದ್ದು ಎರಡು. ಇಲ್ಲದ ಎರಡರಲ್ಲಿ ಒಂದು ಯಾವುದೋ ಸರ್ವಿಸಿನಲ್ಲಿ ಬಿದ್ದು ಹೋಗಿರಬೇಕು, ಇನ್ನೊಂದು ಬಿಸಿಗೆ ಒಣಗಿ ಹಪ್ಪಳವಾಗಿತ್ತು. ಅರ್ಧ ಕಚ್ಚಿಕೊಂಡ ಕವರಿಗಿಂತ ಕವರ್ ಇಲ್ಲದಿರುವುದು ವಾಸಿ ಅಂದರು. ಅವರ ಮಾತನ್ನು ನಾನು ಆಮೇಲೆ ಒಂದಿಷ್ಟು ಓದಿ ನೋಡಿದೆ, ಸುಳ್ಳಲ್ಲ. ಸಡಿಲವಾದ ಕವರ್ ಜಾರಿ ಟರ್ಬೊ ಕಡೆಯ ಬಿಸಿ ಭಾಗಕ್ಕೆ ತಾಗಿ ಕರಗಬಹುದು, ಬೆಂಕಿಯ ಭಯ ಉಂಟು ಅಂತ ವಿದೇಶದಲ್ಲಿ ಕಂಪನಿಗಳೇ ಗಾಡಿಗಳನ್ನು ವಾಪಸು ಕರೆಸಿದ್ದಿದೆ.

ಹೀಗೆ ಟೋಪಿ ಅಟ್ಟ ಸೇರಿತು. ಡೀಸೆಲ್ ಕುಡಿದ ಸ್ಪಂಜನ್ನು ಕಿತ್ತು ಎಸೆದೆ. ಪ್ಲಾಸ್ಟಿಕ್ಕನ್ನು ಸೋಪು ಹಾಕಿ ತೊಳೆದು, ಗೀರು ಬೀಳಬಾರದು ಅಂತ ನನ್ನ ಹಳೇ ಪಂಚೆಯೊಂದನ್ನು ಒಳಗೆ ಹಾಸಿ, ಅಂಗಾತ ಮಲಗಿಸಿ ಇಟ್ಟೆ. ಪಂಚೆಯ ವಿಷಯ ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗುತ್ತದೆ.

ನನ್ನ ಗಾಡಿ 2013ರದು. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಎಂಜಿನ್ ಮಾತ್ರ ಹೇಳುತ್ತೇನೆ: 1.3 ಲೀಟರ್, 1248 ಸಿಸಿ, ಫಿಯಟ್‌ನವರ ಮಲ್ಟಿಜೆಟ್ ಡೀಸೆಲ್. ಇಷ್ಟು ಹೇಳಿದರೂ ಕಂಪನಿ ಯಾವುದೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಮಾರುತಿಯವರೂ ಇದನ್ನೇ ಹಾಕಿದರು, ಟಾಟಾದವರೂ ಹಾಕಿದರು, ಫಿಯಟ್‌ನವರಂತೂ ಸರಿ, ಷೆವರ್ಲೆಯವರೂ ಬಿಡಲಿಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆಯ ಬಿಎಸ್-6 ನಿಯಮ ಬರುವವರೆಗೆ ಅರ್ಧ ದೇಶದ ಡೀಸೆಲ್ ಕಾರು ಇದರ ಮೇಲೆಯೇ ಓಡಿದ ಹಾಗಿತ್ತು. ತಮಾಷೆ ಏನೆಂದರೆ ಇವರೆಲ್ಲ ತಂತಮ್ಮ ಹೆಸರು ಬರೆದುಕೊಂಡದ್ದು ಈ ಪ್ಲಾಸ್ಟಿಕ್ ಕವರಿನ ಮೇಲೆ. ಒಬ್ಬರದು ಡಿಡಿಐಎಸ್, ಒಬ್ಬರದು ಕ್ವಾಡ್ರಾಜೆಟ್, ಇನ್ನೊಬ್ಬರದು ಮಲ್ಟಿಜೆಟ್. ಕವರ್ ತೆಗೆದರೆ ಎಲ್ಲರದ್ದೂ ಅದೇ ನಾಲ್ಕು ಸಿಲಿಂಡರು, ಅದೇ ನಾಲ್ಕು ಇಂಜೆಕ್ಟರು. ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟ ಮೇಲೆ ಭೀಮನೂ ಕೌರವನೂ ಒಂದೇ ಬೀಡಿ ಹಂಚಿಕೊಂಡು ಕೂತ ಹಾಗೆ.

ಚೌಕಿಯ ಮಾತು ಬಂದದ್ದು ಸುಮ್ಮನೆ ಅಲ್ಲ. ಹಗಲಿಗೆ ನಾನು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವನು, ರಾತ್ರಿ ಯಾರಾದರೂ ಕರೆದರೆ ಮದ್ದಳೆ ಬಾರಿಸುವವನು. ಮೇಳದವನಲ್ಲ, ಅಷ್ಟು ದೊಡ್ಡ ಕೈ ಅಲ್ಲ. ಊರಿನ ತಾಳಮದ್ದಳೆ, ಮನೆ ಕಾರ್ಯಕ್ರಮ, ಗಣಪತಿ ಹಬ್ಬದ ಬಯಲಾಟ, ಅಷ್ಟೇ. ಆದರೆ ಮೂವತ್ತು ವರ್ಷ ಮದ್ದಳೆಯ ಮೇಲೆ ಕೈಯಿಟ್ಟವನಿಗೆ ಕಿವಿ ಒಂಥರಾ ರೋಗವಾಗಿಬಿಡುತ್ತದೆ. ಮಿಕ್ಸಿ ಹಾಕಿದರೂ ಶ್ರುತಿ ಹುಡುಕುವುದು, ಪಂಪ್‌ಸೆಟ್ ಓಡಿದರೂ ತಾಳ ಎಣಿಸುವುದು. ಹಾಗಾಗಿ ಕವರ್ ತೆಗೆದ ಮೊದಲ ದಿನ ನನ್ನ ಲಕ್ಷ್ಯವೆಲ್ಲ ಶಬ್ದದ ಮೇಲೆ.

ಬಾನೆಟ್ ಎತ್ತಿಕೊಂಡು ನಿಂತರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮೊದಲು ದುಂಡಗಿದ್ದ ಸದ್ದು ಈಗ ಮೊನೆಮೊನೆ. ಟಕಟಕಟಕ ಅಂತ ಹೊಲಿಗೆ ಮಿಷನ್ ಓಡಿದ ಹಾಗೆ. ಮದ್ದಳೆಯ ಮೇಲೆ ದಪ್ಪ ಬೈರಾಸು ಹಾಕಿ ಬಾರಿಸಿ, ಆಮೇಲೆ ಬೈರಾಸು ತೆಗೆದು ಬಾರಿಸಿದರೆ ಏನಾಗುತ್ತದೋ ಅದೇ. ಬಟ್ಟೆ ಹಾಕಿದಾಗ ಎಡದ ಗುಂ ಹೆಚ್ಚು ಕಮ್ಮಿ ಹಾಗೇ ಇರುತ್ತದೆ, ಬಲದ ಚಾಪು ಪೆಟ್ಟಿನ ಅಂಚು ಸಾಯುತ್ತದೆ. ಕವರಿನ ಸ್ಪಂಜೂ ಹಾಗೇ, ಕೀರಲು ದನಿಯನ್ನು ನುಂಗುತ್ತದೆ, ಮಂದ್ರಕ್ಕೆ ಅದು ಲೆಕ್ಕವೇ ಅಲ್ಲ. ಡೀಸೆಲ್ ಎಂಜಿನ್ನಿನ ಕೀರಲು ದನಿಯಲ್ಲಿ ದೊಡ್ಡ ಪಾಲು ಇಂಜೆಕ್ಟರಿನದು. ನಮ್ಮ ಟೈರಿನಲ್ಲಿ ಗಾಳಿ ಇರುವುದು ಎರಡು ಬಾರ್‌ಗಿಂತ ತುಸು ಮೇಲೆ. ಈ ಇಂಜೆಕ್ಟರಿನ ಬಾಯಿಗೆ ಡೀಸೆಲ್ ಬರುವ ಒತ್ತಡ ಸಾವಿರ ಬಾರನ್ನೂ ಮೀರುವುದುಂಟು. ಅದನ್ನು ಒಂದು ಸೂಜಿ ತಡೆದು ಹಿಡಿದಿರುತ್ತದೆ, ವಿದ್ಯುತ್ತು ಕೊಟ್ಟಾಗ ಆ ಸೂಜಿ ಎದ್ದು ಮತ್ತೆ ಕೂರುತ್ತದೆ. ಒಂದು ಸ್ಫೋಟಕ್ಕೆ ಒಂದೇ ಸಲ ಅಲ್ಲ. ಮೊದಲು ಒಂದು ತೊಟ್ಟು ಹಾಕಿ ಹೊತ್ತಿಸಿ, ಆಮೇಲೆ ಬಾಕಿಯದನ್ನು ಸುರಿಯುತ್ತದೆ. ಹಾಗೆ ಮಾಡುವುದರಿಂದಲೇ ಇಂದಿನ ಡೀಸೆಲ್ ಕಾರುಗಳು ಹಳೇ ಡೀಸೆಲ್ ಜೀಪಿನಂತೆ ಊರೆಲ್ಲ ಎಬ್ಬಿಸುವುದಿಲ್ಲ. ಮಲ್ಟಿಜೆಟ್ ಅನ್ನುವ ಹೆಸರಿನ ಅರ್ಥವೂ ಅದೇ.

ಇಷ್ಟೆಲ್ಲ ಆದ ಮೇಲೆ ಬಾನೆಟ್ ಮುಚ್ಚಿ, ಗಾಜು ಏರಿಸಿ, ಸೀಟಿನಲ್ಲಿ ಕೂತರೆ? ಏನೂ ಇಲ್ಲ. ಮಗಳು ಫೋನಿಗೆ ಡೆಸಿಬೆಲ್ ಅಳೆಯುವ ಆಪ್ ಹಾಕಿಕೊಟ್ಟಳು. ಒಳಗೆ ಬಂದ ವ್ಯತ್ಯಾಸ ಒಂದು ಡೆಸಿಬೆಲ್ ಆಚೀಚೆ, ಅದು ನನ್ನ ಕೈ ನಡುಕವೂ ಇರಬಹುದು. ಡ್ಯಾಶ್‌ಬೋರ್ಡಿನ ಹಿಂದಿನ ತಗಡು ಗೋಡೆ ಮತ್ತು ಅದಕ್ಕೆ ಹೊದೆಸಿದ ದಪ್ಪ ಕಂಬಳಿಯೇ ನಿಜವಾದ ಕೆಲಸ ಮಾಡುವುದು. ಹೆಂಡತಿಗೆ ಎರಡು ವಾರ ಗೊತ್ತೇ ಆಗಲಿಲ್ಲ.

ಕವರ್ ತೆಗೆದರೆ ಎಂಜಿನ್ ತಣ್ಣಗಿರುತ್ತದೆ, ಮೈಲೇಜ್ ಬರುತ್ತದೆ ಅಂತ ಸೊಸೈಟಿಗೆ ಗೊಬ್ಬರಕ್ಕೆ ಬಂದವರೊಬ್ಬರು ಹೇಳಿದರು. ಹಾಗೇನೂ ಇಲ್ಲ. ಎಂಜಿನ್ನನ್ನು ತಣ್ಣಗಿಡುವುದು ರೇಡಿಯೇಟರಿನ ನೀರು, 90 ಡಿಗ್ರಿ ಆಸುಪಾಸಿನಲ್ಲಿ ಹಿಡಿದಿಡುವುದು ಥರ್ಮೋಸ್ಟಾಟು. ನನ್ನ ಮೀಟರಿನ ಮುಳ್ಳು ಕವರ್ ಇದ್ದಾಗಲೂ ನಡುವಿಗೇ ನಿಲ್ಲುತ್ತಿತ್ತು, ತೆಗೆದ ಮೇಲೂ ನಡುವಿಗೇ. ಬಿಸಿಯಾಗುತ್ತದೆ ಅಂತ ಹೆದರುವವರಿಗೂ ಇದೇ ಉತ್ತರ.

ಆದರೆ "ಕವರ್ ತೆಗೆದರೆ ಏನೂ ಆಗಲ್ಲ" ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದು ತಪ್ಪಾಯಿತು. ಕವರ್ ಅಂದರೆ ಯಾವ ಕವರ್ ಅಂತ ಯಾರೂ ಕೇಳುವುದಿಲ್ಲ. ಶಿವಮೊಗ್ಗದ ನಮ್ಮ ನೆಂಟರೊಬ್ಬರು ಕಾರಿನ ಹೊಟ್ಟೆಯ ಅಡಿಗಿನ ಕವರನ್ನು ಬಿಚ್ಚಿಸಿ ಬಿಸಾಡಿ ಬಂದರು. ಅದೂ ಪ್ಲಾಸ್ಟಿಕ್ಕೇ, ಅದೂ ರಸ್ತೆ ಉಬ್ಬಿಗೆ ತಾಗಿ ಹರಿದಿತ್ತಂತೆ. ಆದರೆ ಅದು ಟೋಪಿ ಅಲ್ಲ ಮಾರಾಯ್ರೆ, ಅದು ಚಪ್ಪಲಿ. ನಮ್ಮ ಕಡೆಯ ರಸ್ತೆಯಲ್ಲಿ ಚಕ್ರ ಎರಚುವ ಕೆಸರೆಲ್ಲ ಬೆಲ್ಟಿಗೆ, ಆಲ್ಟರ್ನೇಟರಿಗೆ ಬಡಿಯದ ಹಾಗೆ ಕಾಯುವುದು ಅದೇ. ಇನ್ನೊಬ್ಬ ಹುಡುಗ ಎಂಜಿನ್ನಿನ ತಲೆ ಮುಚ್ಚುವ ಟ್ಯಾಪೆಟ್ ಕವರೂ ತೆಗೆಯಬಹುದಾ ಅಂತ ಕೇಳಿದ. ಅದು ತಲೆಬುರುಡೆ. ತೆಗೆದು ಸ್ಟಾರ್ಟ್ ಮಾಡಿದರೆ ಆಯಿಲ್ ಅಭಿಷೇಕ ಆಗುತ್ತದೆ. ಟೋಪಿಯಲ್ಲೂ ಒಂದು ಜಾತಿಯಿದೆ: ಕೆಲವು ಫೋಕ್ಸ್‌ವ್ಯಾಗನ್ ಎಂಜಿನ್ನುಗಳಲ್ಲಿ ಏರ್ ಫಿಲ್ಟರನ್ನೇ ಈ ಮೇಲಿನ ಕವರಿನ ಹೊಟ್ಟೆಯೊಳಗೆ ಇಟ್ಟಿರುತ್ತಾರೆ. ಅದನ್ನು ತೆಗೆದರೆ ಎಂಜಿನ್ನು ಸೋಸದ ಧೂಳನ್ನೇ ಉಸಿರಾಡಬೇಕು.

ನನ್ನ ಮಾತು ನಂಬಿ ಸರಿಯಾದ ಕವರನ್ನೇ ತೆಗೆದವನು ಭಾವ. ಅವನದು ಪೆಟ್ರೋಲ್ ಕಾರು. ತೆಗೆದ ವಾರಕ್ಕೆ ಗಾಡಿಯನ್ನು ವಾಟರ್ ಸರ್ವಿಸಿಗೆ ಬಿಟ್ಟ. ಅಲ್ಲಿಯ ಹುಡುಗ ಬಾನೆಟ್ ಎತ್ತಿ ಪ್ರೆಶರ್ ಪೈಪು ಹಿಡಿದ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ತಲೆಯ ಮೇಲೆ ನಾಲ್ಕು ಸಣ್ಣ ಬಾವಿಗಳಿರುತ್ತವೆ, ಒಂದೊಂದರ ತಳದಲ್ಲಿ ಒಂದೊಂದು ಸ್ಪಾರ್ಕ್ ಪ್ಲಗ್, ಅದರ ಮೇಲೆ ಕಿಡಿಗೆ ವಿದ್ಯುತ್ತು ಕೊಡುವ ಕಾಯಿಲ್. ಒಂದು ಬಾವಿಗೆ ನೀರಿಳಿಯಿತು. ಮನೆಗೆ ಹೊರಟ ಗಾಡಿ ಜ್ವರ ಬಂದವರ ಹಾಗೆ ಗಡಗಡ ನಡುಗುತ್ತ, ಮೂರೇ ಸಿಲಿಂಡರಿನಲ್ಲಿ, ಏರು ಹತ್ತಲಾರದೆ ನಿಂತಿತು. ಕಾಯಿಲ್ ಕಿತ್ತು, ಗಾಳಿ ಹೊಡೆದು ಒಣಗಿಸಿದ ಮೇಲೆ ಸರಿಹೋಯಿತು. ಭಾವ ಮಾತ್ರ ಸರಿಹೋಗಲು ದಸರಾ ಆಯಿತು. ಅಂದರೆ ಟೋಪಿಗೂ ಒಂದು ಕೆಲಸ ಇದೆ, ಕಣ್ಣಿಗೆ ಕಾಣುವಂಥದ್ದಲ್ಲ: ಮೇಲಿಂದ ಬೀಳುವ ನೀರು, ಧೂಳು, ಕಸ ಆ ಬಾವಿಗಳಿಗೆ ನೇರ ಇಳಿಯದ ಹಾಗೆ ಕೊಡೆ ಹಿಡಿಯುವುದು. ಆಮೇಲೆ ನಾನು ಸರ್ವಿಸಿನವರಿಗೆ ಎಂಜಿನ್ನಿಗೆ ನೀರು ಹೊಡೆಯಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಒದ್ದೆ ಬಟ್ಟೆಯಲ್ಲಿ ನಾನೇ ಒರೆಸಿಕೊಳ್ಳುತ್ತೇನೆ.

ಈಗ ಆಗುಂಬೆಗೆ ಬರುತ್ತೇನೆ. ಈ ಬರಹ ಶುರು ಮಾಡಿದ್ದೇ ಅದನ್ನು ಹೇಳಲಿಕ್ಕೆ.

ಕಾರ್ತಿಕದಲ್ಲಿ ಹೆಬ್ರಿ ಹತ್ತಿರದ ಒಂದು ಮನೆಯಲ್ಲಿ ತಾಳಮದ್ದಳೆ. ಮಂಗಳ ಆಗುವಾಗ ರಾತ್ರಿ ಹನ್ನೆರಡೂವರೆ. ಊಟ ಮುಗಿಸಿ, ಹಿಂದಿನ ಸೀಟಿಗೆ ಮದ್ದಳೆ ಮಲಗಿಸಿ, ಪಕ್ಕದಲ್ಲಿ ನಮ್ಮ ಭಾಗವತರನ್ನು ಕೂರಿಸಿಕೊಂಡು ಹೊರಟೆ. ಅವರು ಸೋಮೇಶ್ವರ ದಾಟುವ ಮುಂಚೆಯೇ ಗೊರಕೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಆ ಹೊತ್ತಿನಲ್ಲಿ ಎದುರು ಗಾಡಿ ಬಂದರೆ ಬೆಳಕು ಮೊದಲೇ ಮರದ ಮೇಲೆ ಕಾಣುತ್ತದೆ, ಹಾಗಾಗಿ ಆರಾಮವಾಗಿ ಎರಡನೇ ಗೇರಿನಲ್ಲಿ ಹತ್ತುತ್ತಿದ್ದೆ. ನಿದ್ದೆ ಬರಬಾರದು ಅಂತ ಗಾಜು ಇಳಿಸಿದ್ದೆ.

ಘಾಟಿಯಲ್ಲಿ ಒಂದು ವಿಶೇಷ. ಧರೆಯ, ಅಂದರೆ ಕಡಿದ ಗುಡ್ಡದ ಗೋಡೆಯ, ಪಕ್ಕಕ್ಕೆ ಬಂದಾಗ ನಿಮ್ಮ ಎಂಜಿನ್ನಿನ ಶಬ್ದವೇ ಬಂಡೆಗೆ ಬಡಿದು ನಿಮ್ಮ ಕಿವಿಗೆ ವಾಪಸು ಬರುತ್ತದೆ. ತಿರುವು ದಾಟಿ ಕಣಿವೆಯ ಪಕ್ಕಕ್ಕೆ ಹೋದರೆ ಶಬ್ದ ಬಯಲಿಗೆ ಬಿದ್ದು ಮಾಯ. ಮತ್ತೆ ಧರೆ, ಮತ್ತೆ ಶಬ್ದ. ಹೀಗೆ ಮೂರೋ ನಾಲ್ಕೋ ತಿರುವು ಆದ ಮೇಲೆ ಧರೆಯಿಂದ ವಾಪಸು ಬರುವ ಶಬ್ದದಲ್ಲಿ ಏನೋ ಹೆಚ್ಚಿಗೆ ಇದೆ ಅನಿಸಿತು. ಟಕಟಕ ಸರಿ, ಅದು ಟೋಪಿ ಇಲ್ಲದ್ದಕ್ಕೆ. ಅದರ ಜೊತೆ ಫರ್‌ರ್ ಅಂತ, ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಹೆಚ್ಚು, ಬಿಟ್ಟರೆ ಕಮ್ಮಿ. ಕಣಿವೆ ಪಕ್ಕಕ್ಕೆ ಹೋದರೆ ಇಲ್ಲ. ಭಾಗವತರ ಗೊರಕೆಯೋ ಅಂತ ಒಂದು ಸಲ ಅವರನ್ನು ಅಲುಗಿಸಿಯೂ ನೋಡಿದೆ.

ಮೇಲೆ ಹತ್ತಿ ಆಗುಂಬೆಯಲ್ಲಿ, ಬೀದಿದೀಪದ ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಆ ಫರ್‌ರ್ ಬಿಡಿಬಿಡಿಯಾಯಿತು: ಚುಫ್ ಚುಫ್ ಚುಫ್ ಚುಫ್. ಕೈ ತಾನಾಗಿ ತೊಡೆಯ ಮೇಲೆ ಹೋಯಿತು. ಮುಕ್ತಾಯದ ಹತ್ತಿರ ಹತ್ತಿರ ಕೈ ಓಡುತ್ತದಲ್ಲ, ತಕಧಿಮಿ ತಕಧಿಮಿ ಅಂತ, ಆ ವೇಗ. ಸೆಕೆಂಡಿಗೆ ಏಳು ಪೆಟ್ಟು. ಲೆಕ್ಕ ಬರೆಯುವವನ ತಲೆ ಅಲ್ಲಿ ಕೆಲಸ ಮಾಡಿತು. ನನ್ನ ಎಂಜಿನ್ ಐಡಲ್‌ನಲ್ಲಿ ನಿಮಿಷಕ್ಕೆ 850 ಸುತ್ತು. ನಾಲ್ಕು ಸ್ಟ್ರೋಕಿನ ಎಂಜಿನ್, ಎರಡು ಸುತ್ತಿಗೆ ಒಂದು ಸಿಲಿಂಡರ್ ಒಮ್ಮೆ ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ 425. ಅರವತ್ತರಿಂದ ಭಾಗಿಸಿ: ಏಳು. ನಾಲ್ಕು ಸಿಲಿಂಡರೂ ಸೇರಿ ಆಗುವ ಶಬ್ದವಾಗಿದ್ದರೆ ಸೆಕೆಂಡಿಗೆ ಇಪ್ಪತ್ತೆಂಟು ಇರುತ್ತಿತ್ತು, ಅದನ್ನು ಯಾವ ಕೈಯೂ ಬಾರಿಸಲಾರದು, ಯಾವ ಕಿವಿಯೂ ಬಿಡಿಸಲಾರದು. ಇದು ಏಳು. ಅಂದರೆ ನಾಲ್ಕರಲ್ಲಿ ಒಬ್ಬನೇ ಅಪಸ್ವರ.

ಫೋನಿನ ಟಾರ್ಚು ಹಾಕಿದೆ. ಮೂರನೇ ಇಂಜೆಕ್ಟರಿನ ಬುಡದಲ್ಲಿ, ಇಲಿ ಗೂಡು ಕಟ್ಟಿತ್ತಲ್ಲ ಅದರ ಪಕ್ಕದಲ್ಲೇ, ಕಪ್ಪಗೆ ಡಾಂಬರಿನಂಥದ್ದು ಗಟ್ಟಿಯಾಗಿ ಕೂತಿದೆ. ಹಲಸಿನ ಅಂಟು ಒಣಗಿ ಕಪ್ಪಾದ ಹಾಗೆ. ಬೆರಳಿಟ್ಟರೆ ಉಗುರಿಗೂ ಬರಲಿಲ್ಲ. ಮೂಸಿದೆ. ಆ ವಾಸನೆ ನನಗೆ ಗೊತ್ತಿತ್ತು. ಹೋದ ಬೇಸಿಗೆಯಿಂದಲೂ ಎಸಿ ಹಾಕಿ ನಿಂತಲ್ಲಿ ನಿಂತರೆ ಹೊಗೆ ವಾಸನೆ ಅಂತ ಹೆಂಡತಿ ಹೇಳುತ್ತಲೇ ಇದ್ದಳು. ಮುಂದಿನ ಲಾರಿಯದ್ದು ಅಂತ ನಾನು ಸಾಧಿಸುತ್ತಿದ್ದೆ. ಲಾರಿ ಇಲ್ಲದಾಗ ಬಸ್ಸಿನದ್ದು ಅಂತಿದ್ದೆ.

ಮರುದಿನ ಮೆಕ್ಯಾನಿಕ್ಕು ಒಂದು ಲೋಟದಲ್ಲಿ ಸೋಪಿನ ನೀರು ಮಾಡಿ ಮೂರನೇ ಇಂಜೆಕ್ಟರಿನ ಬುಡಕ್ಕೆ ಹನಿಸಿ ಸ್ಟಾರ್ಟ್ ಮಾಡಿಸಿದರು. ಬುಳುಬುಳು ಗುಳ್ಳೆ. ಇಂಜೆಕ್ಟರಿನ ತಳದಲ್ಲಿ ತಾಮ್ರದ ಒಂದು ಸಣ್ಣ ವಾಷರ್ ಇರುತ್ತದೆ, ಸಿಲಿಂಡರಿನೊಳಗಿನ ಸ್ಫೋಟ ಹೊರಗೆ ಬರದ ಹಾಗೆ ಕಟ್ಟುವುದು ಅದೇ. ಅದು ಸೋತರೆ ಪ್ರತಿ ಸ್ಫೋಟಕ್ಕೂ ಒಂದಿಷ್ಟು ಬಿಸಿ ಹೊಗೆ ಬುಡದಿಂದ ನುಸುಳುತ್ತದೆ, ಮಸಿ ಕಟ್ಟುತ್ತದೆ. ಮಸಿ ಹೆಚ್ಚಾದಷ್ಟೂ ಇಂಜೆಕ್ಟರ್ ತನ್ನ ಗುಂಡಿಯಲ್ಲಿ ಸಿಮೆಂಟ್ ಹಾಕಿದ ಹಾಗೆ ಕೂರುತ್ತದೆ. ಇನ್ನೂ ಒಂದು ವರ್ಷ ಬಿಟ್ಟಿದ್ದರೆ ಹೊರಗೆ ಎಳೆಯಲು ಬೇರೆಯೇ ಆಯುಧ ಬೇಕಿತ್ತು, ಒಳಗಿನ ಸೀಟೂ ತಿಂದುಹೋಗುತ್ತಿತ್ತು ಅಂದರು. ಈಗಲೂ ಸುಲಭಕ್ಕೇನೂ ಬರಲಿಲ್ಲ. ಬೆಳಿಗ್ಗೆ ಎಣ್ಣೆ ಬಿಟ್ಟು, ಮಧ್ಯಾಹ್ನದವರೆಗೆ ಆಚೆಗೊಮ್ಮೆ ಈಚೆಗೊಮ್ಮೆ ತಿರುವಿ ತಿರುವಿ, ಮೂರೂವರೆಗೆ ಟಕ್ ಅಂತ ಬಿಟ್ಟುಕೊಂಡಿತು. ಸೀಟು ಕೆರೆದು ಸ್ವಚ್ಛ ಮಾಡಿ ಹೊಸ ವಾಷರ್, ಹೊಸ ಬೋಲ್ಟು. ವಾಷರಿಗೆ ಕೊಟ್ಟದ್ದು ಎರಡು ಚಹಾ, ಎರಡು ಬನ್ಸಿನಷ್ಟು ದುಡ್ಡು. ಕೂಲಿ ಎಷ್ಟು ಅಂತ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಹಳೇ ವಾಷರನ್ನು ಅಂಗೈಯಲ್ಲಿಟ್ಟು ಕೊಟ್ಟರು. ಹಳೇ ನಾಲ್ಕಾಣೆಗಿಂತ ಚಿಕ್ಕದು. ಒಂದು ಕಡೆ ಕೂದಲೆಳೆಯಷ್ಟು ಕಪ್ಪು ಗೀರು, ಹೊಗೆ ದಾರಿ ಮಾಡಿಕೊಂಡ ಜಾಗ.

ನನ್ನನ್ನು ಕಾಡಿದ್ದು ಅದು ಎಷ್ಟು ದಿನದಿಂದ ಇತ್ತು ಅನ್ನುವುದು. ಆ ಗಟ್ಟಿ ಮಸಿ ಆಷಾಢದಿಂದ ಕಾರ್ತಿಕದೊಳಗೆ ಆದದ್ದಲ್ಲ. ಹೆಂಡತಿಗೆ ವಾಸನೆ ಬಂದದ್ದು ಹೋದ ಬೇಸಿಗೆಯಲ್ಲಿ, ಟೋಪಿ ಇನ್ನೂ ತಲೆ ಮೇಲೆ ಇದ್ದಾಗ. ಆಷಾಢದಲ್ಲಿ ಇಲಿಗೂಡು ತೆಗೆಯುವಾಗಲೂ ಅದು ಅಲ್ಲಿ ಇದ್ದಿರಬೇಕು. ಡೀಸೆಲ್ಲು, ನಾರು, ಸ್ಪಂಜಿನ ರಾಡಿಯಲ್ಲಿ ಮೆಕ್ಯಾನಿಕ್ಕಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅದಕ್ಕೂ ಮುಂಚೆ ವರ್ಷ ವರ್ಷ ಸರ್ವಿಸಿಗೆ ಬಿಟ್ಟಿದ್ದೆ. ಬಾನೆಟ್ ಎತ್ತುತ್ತಿದ್ದರು, ಕವರಿಗೆ ಪಾಲಿಷ್ ಹೊಡೆಯುತ್ತಿದ್ದರು, ಎಂಜಿನ್ ಮಿರಮಿರ ಮಿಂಚುತ್ತದೆ ನೋಡಿ ಸಾರ್ ಅನ್ನುತ್ತಿದ್ದರು. ನಾನೂ ಹೌದು ಅಂತಿದ್ದೆ. ಮಿಂಚುತ್ತಿದ್ದದ್ದು ಎಂಜಿನ್ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು ತಾನೆ? ಅಪ್ಪನ ಕಾಲದಲ್ಲಿ ಊರಲ್ಲಿ ಒಂದು ಅಂಬಾಸಿಡರ್ ಟ್ಯಾಕ್ಸಿ ಇತ್ತು. ಬಾನೆಟ್ ಎತ್ತಿದರೆ ಎಂಜಿನ್ನಿನ ಅಕ್ಕಪಕ್ಕದಿಂದ ಕೆಳಗಿನ ನೆಲ ಕಾಣುತ್ತಿತ್ತು. ಎಲ್ಲಿ ಆಯಿಲ್ ಒಸರಿದೆ, ಯಾವ ವಯರು ಸುಟ್ಟಿದೆ ಅಂತ ಶಾಲೆ ಹುಡುಗರಾದ ನಾವೂ ಬೆರಳು ತೋರಿಸುತ್ತಿದ್ದೆವು. ಆ ಗಾಡಿ ದಿನಕ್ಕೊಂದು ಸಲ ಕೆಡುತ್ತಿತ್ತು ಅನ್ನುವುದೂ ನಿಜ, ಅದನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳುವುದು ಬೇಡ.

ಆಮೇಲೆ ನಾನೊಂದು ವ್ಯವಸ್ಥೆ ಮಾಡಿಕೊಂಡೆ. ಕೇಳಿದವರಿಗೆ ತಲೆಕೆಳಗು ಅನಿಸುತ್ತದೆ: ಮಳೆಗಾಲದಲ್ಲಿ ಟೋಪಿ ಬೇಡ, ಬೇಸಿಗೆಯಲ್ಲಿ ಬೇಕು. ಮಳೆ ನೀರು ಬಾನೆಟ್ ದಾಟಿ ಎಂಜಿನ್ನಿನ ತಲೆಗೆ ಬರುವುದು ಕಮ್ಮಿ, ಬರುವ ನೀರು ಚಕ್ರದಿಂದ, ಕೆಳಗಿನಿಂದ. ಅದಕ್ಕೆ ಟೋಪಿ ಏನು ಮಾಡೀತು? ಮಳೆಗಾಲದ ನಿಜವಾದ ಶತ್ರು ಇಲಿ. ಬೆಚ್ಚಗೆ, ಒಣಗಿ, ಕತ್ತಲೆಯಾಗಿ, ಮೇಲೆ ಮಾಡು ಕೆಳಗೆ ಒಲೆ ಇರುವ ಜಾಗ ಅದಕ್ಕೆ ಬೇಕು. ಮಾಡು ತೆಗೆದರೆ ಬರುವುದಿಲ್ಲ ಅಂತಲ್ಲ, ಬಂದರೆ ಮೊದಲ ದಿನವೇ ಕಾಣುತ್ತದೆ. ಬೇಸಿಗೆಯಲ್ಲಿ ನಮ್ಮ ತೋಟದ ಮಣ್ಣು ರಸ್ತೆಯ ಕೆಂಪು ಧೂಳು, ತರಗೆಲೆ, ಹೂವಿನ ಕಸ ಇಂಜೆಕ್ಟರಿನ ಬುಡದಲ್ಲಿ ಕೂರುತ್ತವೆ. ಮುಂದೊಂದು ದಿನ ಇಂಜೆಕ್ಟರ್ ಬಿಚ್ಚುವಾಗ ಅದೇ ಕಸ ಒಳಗೆ ಬೀಳುತ್ತದೆ. ಹಾಗಾಗಿ ಶಿವರಾತ್ರಿಗೆ ಟೋಪಿ ಹಾಕುವುದು, ಮಳೆ ಹಿಡಿದ ಮೇಲೆ ತೆಗೆಯುವುದು, ಸ್ಪಂಜು ಯಾವ ಕಾಲಕ್ಕೂ ಬೇಡ. ಮೆಕ್ಯಾನಿಕ್ಕು ಇದನ್ನು ಕೇಳಿ ನಕ್ಕರು, ಆದರೆ ನಾಲ್ಕು ಹೊಸ ರಬ್ಬರ್ ಬುಷ್ ತರಿಸಿಕೊಟ್ಟರು.

ಬುಷ್ ಬಂದು ತಿಂಗಳಾದರೂ ಟೋಪಿ ಅಟ್ಟದಲ್ಲೇ ಇತ್ತು. ಶಿವರಾತ್ರಿ ಕಳೆಯಿತು. ಅಷ್ಟರಲ್ಲಿ ಮಗಳು ಈ ಗಾಡಿ ಸಾಕು, ಕೊಟ್ಟುಬಿಡಿ ಅಂತ ಶುರು ಮಾಡಿದಳು. ಹೋದ ಭಾನುವಾರ ಶಿವಮೊಗ್ಗದಿಂದ ಒಬ್ಬರು ನೋಡಲಿಕ್ಕೆ ಬಂದರು. ಯುವಕ, ಮರ್ಯಾದಸ್ಥ. ಟೈರು ನೋಡಿದರು, ಬಾಗಿಲು ಬಡಿದು ನೋಡಿದರು, ಬಾನೆಟ್ ಎತ್ತಿದರು. ಎತ್ತಿದವರು ಹಾಗೇ ನಿಂತರು.

"ಸಾರ್, ಕವರ್ ಎಲ್ಲಿ?"

"ತೆಗ್ದಿಟ್ಟಿದೀನಿ."

"ಆಕ್ಸಿಡೆಂಟ್ ಆಗಿತ್ತಾ?"

ಇಲಿಯಿಂದ ಶುರು ಮಾಡಿದೆ. ರಿಟರ್ನ್ ಪೈಪು ಹೇಳಿದೆ. ಘಾಟಿ, ಧರೆ, ಸೆಕೆಂಡಿಗೆ ಏಳು ಪೆಟ್ಟು ಎಲ್ಲ ಹೇಳಿದೆ, ತೊಡೆ ಮೇಲೆ ಬಾರಿಸಿಯೂ ತೋರಿಸಿದೆ. ಹಳೇ ವಾಷರ್ ತಂದು ಕೈಗೆ ಕೊಟ್ಟೆ. ನಾನು ಹೇಳಿದಷ್ಟೂ ಅವರ ಮುಖ ಚಿಕ್ಕದಾಗುತ್ತ ಹೋಯಿತು. ಇಷ್ಟು ಉದ್ದದ ಕಾರಣ ಇರುವವನ ಗಾಡಿಯಲ್ಲಿ ಏನೋ ಇದೆ ಅಂತ ಅವರಿಗೆ ಖಾತ್ರಿಯಾಯಿತು. ಕವರ್ ಹಾಕಿ ಸುಮ್ಮನಿದ್ದಿದ್ದರೆ ಮಿಂಚುವ ಎಂಜಿನ್ ನೋಡಿ ಅಡ್ವಾನ್ಸ್ ಕೊಟ್ಟು ಹೋಗುತ್ತಿದ್ದರೇನೋ.

"ಹತ್ತು ಸಾವಿರ ಕಮ್ಮಿ ಮಾಡ್ಕೊಳಿ ಸಾರ್. ಇಲ್ಲಾಂದ್ರೆ ಕವರ್ ಹಾಕಿ ತೋರಿಸಿ."

ಹತ್ತು ಸಾವಿರದ ಮಾತು ಕೇಳಿ ಹೆಂಡತಿ ಜಗಲಿಯಿಂದಲೇ ನನ್ನನ್ನು ನೋಡಿದಳು. ಈಗ ತರ್ತೀನಿ ಇರಿ ಅಂತ ಏಣಿ ಹಾಕಿ ಅಟ್ಟ ಹತ್ತಿದೆ. ಕತ್ತಲು. ಟಾರ್ಚು ಬಿಟ್ಟೆ. ಟೋಪಿ ಇಟ್ಟಲ್ಲೇ ಇದೆ, ಅಂಗಾತ, ಒಳಗೆ ನನ್ನ ಪಂಚೆ. ಪಂಚೆಯ ಮೇಲೆ ನಮ್ಮ ಬೂದು ಬೆಕ್ಕು. ಅದರ ಹೊಟ್ಟೆಗೆ ಅಂಟಿಕೊಂಡು ನಾಲ್ಕು ಮರಿ, ಇಲಿಯಷ್ಟೇ ಗಾತ್ರ, ಇನ್ನೂ ಕಣ್ಣು ಬಿಟ್ಟಿಲ್ಲ. ಬೆಕ್ಕು ನನ್ನನ್ನು ನೋಡಿ ಒಂದು ಸಲ ಗುರ್ ಅಂತು, ಆಮೇಲೆ ಮರಿ ನೆಕ್ಕಲು ಹೋಯಿತು.

ಕೆಳಗಿಳಿದು ಬಂದು, "ಹದಿನೈದು ದಿನ ಬಿಟ್ಟು ಬನ್ನಿ" ಅಂದೆ.

ಅವರು ನಂಬಲಿಲ್ಲ. ಏಣಿ ಹತ್ತಿ ತಾವೇ ನೋಡಿ ಬಂದರು. ಇಳಿದ ಮೇಲೆ ಅಂಗಿಯ ಧೂಳು ಕೊಡವಿಕೊಂಡು, ಚಹಾ ಕುಡಿದು, ಗಾಡಿಯ ವಿಷಯ ಏನೂ ಮಾತಾಡದೆ ಹೋದರು. ಗಿರಾಕಿ ಹೋಯಿತು ಅಂದುಕೊಂಡಿದ್ದೆ. ನಿನ್ನೆ ಸಂಜೆ ಫೋನು ಬಂತು.

"ಸಾರ್, ಕಣ್ಣು ಬಿಟ್ವಾ?"